ಬಿಸಿಲಿನ ಬಾಡಿಗೆ ಯಾರ ಕೈಗೆ? ಪಾವಗಡದ ಲೆಕ್ಕ

ಕಲ್ಲಿದ್ದಲು ಬಿಟ್ಟು ಸೂರ್ಯ-ಗಾಳಿಯ ಕಡೆ ಹೊರಳಬೇಕು ಎನ್ನುವುದರಲ್ಲಿ ಈ ಸಭೆಯಲ್ಲಿ ಯಾರಿಗೂ ತಕರಾರು ಇರಲಾರದು. ಹೊರಳುವಾಗ ಬಡವರ ಕೈ ಬಿಡಬಾರದು ಎನ್ನುವುದಕ್ಕೂ ಎಲ್ಲರೂ ತಲೆದೂಗುತ್ತಾರೆ. ತಕರಾರು ಶುರುವಾಗುವುದು ಅದಕ್ಕೆ ಎಷ್ಟು ಖರ್ಚು, ಯಾರು ಕೊಡಬೇಕು, ಯಾವ ಕಾಗದದಲ್ಲಿ ಬರೆಯಬೇಕು ಎಂದು ಕೇಳಿದಾಗ. ಹಾಗಾಗಿ ಇವತ್ತಿನ ಮಾತೆಲ್ಲ ರೂಪಾಯಿ-ಪೈಸೆಯಲ್ಲಿ. ಲೆಕ್ಕಕ್ಕೆ ಹಿಡಿದಿರುವುದು ಪಾವಗಡವನ್ನು.

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ತಿರುಮಣಿ, ಬಾಲಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು: ಆಂಧ್ರದ ಗಡಿಗೆ ಅಂಟಿಕೊಂಡ, ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಐದು ಊರುಗಳು. ಮಳೆ ನೆಚ್ಚಿ ಕಡಲೆಕಾಯಿ ಬಿತ್ತುವ, ಆ ಮಳೆ ಮೇಲಿಂದ ಮೇಲೆ ಕೈಕೊಡುವ ನೆಲ. ಇಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿದೆ. ಕಟ್ಟಿಸಿದ್ದು ಕೆಎಸ್‌ಪಿಡಿಸಿಎಲ್, ಅಂದರೆ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಮತ್ತು ಕೇಂದ್ರದ ಸೌರವಿದ್ಯುತ್ ನಿಗಮ ಸೆಕಿ ಸೇರಿ 2015ರಲ್ಲಿ ಹುಟ್ಟುಹಾಕಿದ ಕಂಪನಿ. ಮೊದಲ 600 ಮೆಗಾವ್ಯಾಟ್ 2018ರಲ್ಲಿ ಶುರುವಾಯಿತು, 2019ರ ಕೊನೆಗೆ ಪೂರ್ತಿಯಾಯಿತು.

ದೇಶದ ಬೇರೆಡೆಯವರು ಪಾವಗಡವನ್ನು ಹೊಗಳುವುದು ಒಂದು ಕಾರಣಕ್ಕೆ. ಇಲ್ಲಿ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಲೀಸಿಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಅವಧಿ 28 ವರ್ಷ. ಮಾಲೀಕತ್ವ ರೈತನದೇ. ಹೊಗಳಿಕೆ ಸುಳ್ಳಲ್ಲ. ಕಡಲೆಕಾಯಿ ಹಾಕಿ ಬೀಜದ ದುಡ್ಡೂ ಬಾರದ ವರ್ಷಗಳನ್ನು ಕಂಡವರಿಗೆ ಈ ಹಣ ಬರಗಾಲದಲ್ಲೂ ತಪ್ಪದ ವರಮಾನ. ಸ್ವಾಧೀನದ ಪರಿಹಾರ ಒಂದೇ ಸಲ ಕೈಗೆ ಬಂದು ಒಂದೆರಡು ವರ್ಷದಲ್ಲಿ ಕರಗಿಹೋದ ಊರುಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟೋ ಮೇಲು.

ಆದರೆ ಆ ಕರಾರನ್ನು ಕೊನೆಯ ವರ್ಷದವರೆಗೆ ಓದಿ ನೋಡಿ. ಎರಡು ವರ್ಷಕ್ಕೆ ಶೇ. 5 ಅಂದರೆ ವರ್ಷಕ್ಕೆ ಶೇ. 2.5ಕ್ಕೂ ತುಸು ಕಡಿಮೆ. 28 ವರ್ಷದಲ್ಲಿ ಹದಿಮೂರು ಸಲ ಏರಿ, ಕೊನೆಗೆ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದವು ಎಂದು ಇಟ್ಟುಕೊಂಡರೆ, ಮೊದಲ ವರ್ಷದ 21,000 ಕೊಳ್ಳುತ್ತಿದ್ದಷ್ಟನ್ನು ಕೊನೆಯ ವರ್ಷ ಕೊಳ್ಳಲು 78,000 ದಾಟಬೇಕು. ಬಾಡಿಗೆ ಹೆಚ್ಚುತ್ತಾ ಹೋದಂತೆ ಕಂಡರೂ ಅದರ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಏರಿಕೆಯನ್ನು ನಿಗದಿತ ಶೇಕಡಕ್ಕೆ ಕಟ್ಟುವ ಬದಲು ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದರೆ ಈ ಸವಕಳಿ ಇರುತ್ತಿರಲಿಲ್ಲ. ಕರಾರಿನಲ್ಲಿ ಒಂದು ವಾಕ್ಯದ ಬದಲಾವಣೆ, ಅಷ್ಟೆ. ಮುಂದೆ ಜಮೀನು ಲೀಸಿಗೆ ಕೊಡುವ ಯಾವ ಊರಿನವರಾದರೂ ಎಕರೆಗೆ ಎಷ್ಟು ಎಂದು ಚೌಕಾಸಿ ಮಾಡುವ ಮೊದಲು ಈ ಸಾಲನ್ನು ಹಿಡಿದು ಕೂರಬೇಕು. ಮೊದಲ ವರ್ಷ ಸಾವಿರ ರೂಪಾಯಿ ಹೆಚ್ಚು ಗಿಟ್ಟಿಸಿಕೊಂಡರೂ ಏರಿಕೆಯಲ್ಲಿ ಸೋಲಬಹುದು.

ಈಗ ಇದೇ ಬಾಡಿಗೆಯನ್ನು ಕರೆಂಟಿನ ಕಡೆಯಿಂದ ನೋಡೋಣ. 13,000 ಎಕರೆಯನ್ನು 2,050ರಿಂದ ಭಾಗಿಸಿದರೆ ಮೆಗಾವ್ಯಾಟಿಗೆ ಆರೂಕಾಲು ಎಕರೆಯಷ್ಟು. ಬಾಡಿಗೆ ಮೆಗಾವ್ಯಾಟಿಗೆ 1.33 ಲಕ್ಷ. ಸ್ಥಾವರದ ಸಾಮರ್ಥ್ಯದ ಶೇ. 20ರಷ್ಟು ಮಾತ್ರ ವರ್ಷದ ಸರಾಸರಿಯಲ್ಲಿ ಬಳಕೆಯಾಗುತ್ತದೆ ಎಂದು ಹಿಡಿದರೆ, ಒಂದು ಮೆಗಾವ್ಯಾಟ್ ವರ್ಷಕ್ಕೆ 17.5 ಲಕ್ಷ ಯೂನಿಟ್ ಕೊಡುತ್ತದೆ. ಅಂದರೆ ಯೂನಿಟ್ಟಿಗೆ ನೆಲದ ಬಾಡಿಗೆ ಏಳೂವರೆ ಪೈಸೆ. ಪಾವಗಡದ ಮೊದಲ ಹರಾಜುಗಳಲ್ಲಿ ಯೂನಿಟ್ಟಿನ ದರ 4.80 ರೂಪಾಯಿಯ ಆಸುಪಾಸಿನಲ್ಲಿತ್ತು, 2018ರ ಹೊತ್ತಿಗೆ ಮೂರು ರೂಪಾಯಿಗಿಂತ ಕೆಳಗೆ ಬಂತು. ಆ ಮೂರು ರೂಪಾಯಿಯಲ್ಲೂ ನೆಲಕ್ಕೆ ಸಿಗುವುದು ಏಳೂವರೆ ಪೈಸೆ. ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಆ ಏಳೂವರೆ ಪೈಸೆಯೂ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಎರಡು ಎಕರೆಯವನಿಗೆ ವರ್ಷಕ್ಕೆ 42,000, ತಿಂಗಳಿಗೆ 3,500. ನಲವತ್ತು ಎಕರೆಯವನಿಗೆ 8.4 ಲಕ್ಷ. ಊರಿನಲ್ಲಿ ಮೊದಲೇ ಇದ್ದ ಅಂತರಕ್ಕೆ ಸರ್ಕಾರದ ಮೊಹರು ಬಿದ್ದಂತಾಯಿತು. ಪಹಣಿ ಅಜ್ಜನ ಹೆಸರಿನಲ್ಲೇ ಉಳಿದು ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗದ ಮನೆಗಳಲ್ಲಿ ಲೀಸ್ ಹಣ ಯಾರ ಖಾತೆಗೆ ಎಂಬ ಜಗಳ. ಜಂಟಿ ಪಹಣಿಯಲ್ಲಿ ಪೋಡಿ ಆಗಿರದಿದ್ದರೆ, ಅಂದರೆ ಅವರವರ ಪಾಲು ಅಳೆದು ಬೇರೆ ಮಾಡಿರದಿದ್ದರೆ, ಒಬ್ಬರ ಸಹಿ ಇಲ್ಲದೆ ಉಳಿದವರ ಹಣವೂ ನಿಲ್ಲುತ್ತದೆ. ಸರ್ಕಾರಿ ನೆಲದಲ್ಲಿ ಮಂಜೂರಾತಿ ಇಲ್ಲದೆ ಬಗರ್‌ಹುಕುಂ ಸಾಗುವಳಿ ಮಾಡುತ್ತಾ ಅರ್ಜಿ ಹಾಕಿ ಕಾದವರ ಕೈಯಲ್ಲಿ ಕಾಗದವೇ ಇರುವುದಿಲ್ಲ. ಆ ನೆಲ ಕಡತದಲ್ಲಿ ಸರ್ಕಾರಿ, ಹಾಗಾಗಿ ಬಾಡಿಗೆಯೂ ಸರ್ಕಾರಕ್ಕೇ. ಪರಿಶಿಷ್ಟ ಜಾತಿ-ಪಂಗಡದವರಿಗೆ ಮಂಜೂರಾದ ಜಮೀನಿನ ವಿಷಯ ಬೇರೆಯೇ. ಅಂಥ ಜಮೀನು ಕೈತಪ್ಪದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ‘ಪರಭಾರೆ’ ಎಂದರೆ ಮಾರಾಟವಷ್ಟೇ ಅಲ್ಲ, ಲೀಸೂ ಸೇರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಲೀಸ್ ಮುಂದೆ ಅಸಿಂಧು ಎನಿಸಿಕೊಳ್ಳಬಹುದು. ರಕ್ಷಣೆಗೆಂದು ಬಂದ ಕಾನೂನು ಅವಸರದ ಯೋಜನೆಯಲ್ಲಿ ಅದೇ ಕುಟುಂಬದ ವರಮಾನಕ್ಕೆ ಅಡ್ಡ ಬರುವುದು ಹೀಗೆ. ಅದಕ್ಕೆ ಕಾನೂನು ಸಡಿಲಿಸುವುದು ಮದ್ದಲ್ಲ. ಅನುಮತಿಯ ಕೆಲಸವನ್ನು ಮೊದಲು ಮುಗಿಸಿಕೊಳ್ಳಬೇಕು, ಅಷ್ಟೆ.

ಪಹಣಿಯಿಂದ ಪೂರ್ತಿ ಹೊರಗಿರುವವರು ಕೂಲಿಯವರು, ಕೋರಿಗೆ (ಬೆಳೆಯ ಪಾಲಿಗೆ) ಮಾಡುತ್ತಿದ್ದವರು, ಕುರಿ ಕಾಯುವವರು. ನಿಜವಾದ ಪ್ರಶ್ನೆ ಇರುವುದು ಇಲ್ಲಿ.

ಅರ್ಧ ಜಮೀನು ಬೀಳೇ ಬಿದ್ದಿತ್ತು ಎಂದು ಇಟ್ಟುಕೊಳ್ಳಿ. ಉಳಿದ 6,500 ಎಕರೆಗೆ ಬಿತ್ತನೆ, ಕಳೆ, ಕೀಳುವುದು, ಕಾಯಿ ಬಿಡಿಸುವುದು ಎಲ್ಲ ಸೇರಿ ಎಕರೆಗೆ 25 ಆಳು ಎಂದು ಹಿಡಿದರೂ ವರ್ಷಕ್ಕೆ 1.6 ಲಕ್ಷ ಆಳಿನ ದಿನಗಳು. ಈಗ ಪಾರ್ಕಿನ ಕಡೆ: 50 ಮೆಗಾವ್ಯಾಟಿನ ಒಂದು ಬ್ಲಾಕಿಗೆ ಕಾವಲು, ಹುಲ್ಲು, ತೊಳೆಯುವುದು, ತಂತ್ರಜ್ಞರು ಎಲ್ಲ ಸೇರಿ ಇಪ್ಪತ್ತು ಮಂದಿ ಎಂದುಕೊಂಡರೆ, ನಲವತ್ತೊಂದು ಬ್ಲಾಕಿಗೆ 820 ಜನ, ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ದಿನಗಳು. ಹಾಗಾದರೆ ಉದ್ಯೋಗ ಹೆಚ್ಚಾಯಿತಲ್ಲ ಎಂದು ಯಾರಾದರೂ ಕೇಳಬಹುದು. ವರದಿಗಳಲ್ಲಿ ಲೆಕ್ಕ ಹೀಗೇ ಮುಗಿಯುತ್ತದೆ. ಆದರೆ ಕಡಲೆಕಾಯಿ ಹೊಲದ ಆ ದಿನಗಳಲ್ಲಿ ದೊಡ್ಡ ಪಾಲು ಹೆಂಗಸರದು. ಪಾರ್ಕಿನಲ್ಲಿ ತಿಂಗಳ ಸಂಬಳದ ಕೆಲಸ ಕಾವಲಿನ ಗಂಡಸರದು, ಐಟಿಐ ಓದಿದ ಹುಡುಗರದು. ಹೆಂಗಸರಿಗೆ ಉಳಿಯುವುದು ಹುಲ್ಲು ಕೀಳುವ, ಫಲಕ ತೊಳೆಯುವ ದಿನಗೂಲಿ, ಅದೂ ಏಜೆನ್ಸಿಯ ಮೇಸ್ತ್ರಿ ಕರೆದಾಗ. ಒಟ್ಟು ಮೊತ್ತ ಸರಿಹೋದರೂ ಕಳೆದುಕೊಂಡ ಮನೆ ಒಂದು, ಪಡೆದುಕೊಂಡ ಮನೆ ಇನ್ನೊಂದು.

ಜಮೀನು ಕಳೆದುಕೊಂಡವನಿಗೆ ಪರಿಹಾರ ಉಂಟು, ಕೂಲಿ ಕಳೆದುಕೊಂಡವಳಿಗೆ ಇಲ್ಲ ಎನ್ನುವ ಕೊರತೆಯನ್ನು ಭಾರತದ ಕಾನೂನು ಗುರುತಿಸಿಯೇ ಇಲ್ಲ ಎಂದಲ್ಲ. 2013ರ ಭೂಸ್ವಾಧೀನ ಕಾಯ್ದೆ ಆ ನೆಲದ ಮೇಲೆ ಜೀವನ ನಡೆಸುತ್ತಿದ್ದ ಕೂಲಿಗಾರರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬ ಎಂದೇ ಎಣಿಸುತ್ತದೆ. ಪಾವಗಡದಲ್ಲಿ ಸ್ವಾಧೀನವೇ ಇಲ್ಲ, ಇರುವುದು ಲೀಸ್. ಹಾಗಾಗಿ ಆ ಕಾಯ್ದೆ ಬಾಗಿಲ ಹೊರಗೇ ಉಳಿಯಿತು. ರೈತನಿಗೆ ಒಳ್ಳೆಯದಾದ ದಾರಿಯೇ ಭೂರಹಿತರನ್ನು ಲೆಕ್ಕದಿಂದ ಬಿಡಿಸಿತು.

ಇದಕ್ಕೆ ಉತ್ತರ ಸಿಎಸ್‌ಆರ್, ಅಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡುವ ಹೊಣೆ, ಎನ್ನುವವರಿದ್ದಾರೆ. ಸಿಎಸ್‌ಆರ್ ಕಡ್ಡಾಯವಾಗುವುದು ಕಂಪನಿಯ ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ಮುಟ್ಟಿದರೆ. ಸೋಲಾರ್ ಸ್ಥಾವರಗಳನ್ನು ಸಾಮಾನ್ಯವಾಗಿ ಒಂದೊಂದು ಯೋಜನೆಗೆ ಒಂದೊಂದು ಪುಟ್ಟ ಕಂಪನಿ ಮಾಡಿ ಕಟ್ಟುತ್ತಾರೆ. 50 ಮೆಗಾವ್ಯಾಟಿನ ಕಂಪನಿಯ ವಹಿವಾಟು ವರ್ಷಕ್ಕೆ 30-40 ಕೋಟಿ. ಬಡ್ಡಿ ಮತ್ತು ಸವಕಳಿ ಕಳೆದರೆ ಮೊದಲ ವರ್ಷಗಳಲ್ಲಿ ಪುಸ್ತಕದಲ್ಲಿ ಲಾಭವೇ ಕಾಣದಿರಬಹುದು. ಊರಿಗೆ ಬಂದ ಶಾಲೆಯ ಬೆಂಚು, ಸ್ವಾಗತ ಕಮಾನು, ಆರು ತಿಂಗಳಿಗೆ ಕೆಟ್ಟು ನಿಂತ ಕುಡಿಯುವ ನೀರಿನ ಘಟಕ ಇವೆಲ್ಲ ಕಂಪನಿಯ ಮರ್ಜಿ, ಊರಿನ ಹಕ್ಕಲ್ಲ.

ಹಕ್ಕಿನ ಮಾದರಿ ನಮ್ಮಲ್ಲೇ ಇದೆ. 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿ ಉತ್ಪಾದನೆಯ ಶೇ. 1ರಷ್ಟು ಉಚಿತ ವಿದ್ಯುತ್ತನ್ನು ಸ್ಥಳೀಯ ಅಭಿವೃದ್ಧಿ ನಿಧಿಗೆ ಮೀಸಲಿಟ್ಟಿತು. ಬಾಧಿತ ಕುಟುಂಬಕ್ಕೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್ ಎಂದೂ ಹೇಳಿತು. ಗಣಿಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ರಾಜಧನದ ಶೇ. 10, ಹಳೆಯ ಗಣಿಗಳಾದರೆ ಶೇ. 30 ಅಲ್ಲಿಗೆ ಸೇರಬೇಕು. ಅದನ್ನು ಖರ್ಚು ಮಾಡಿದ ರೀತಿಗೆ ಬಳ್ಳಾರಿಯವರು ಬೇಕಾದಷ್ಟು ಆಕ್ಷೇಪ ಎತ್ತಬಹುದು. ಆದರೂ ನಿಧಿ ಇರುವುದರಿಂದಲೇ ಆಕ್ಷೇಪ ಎತ್ತಲು ಜಾಗವಿದೆ. ನದಿಗೆ ಇದೆ, ಅದಿರಿಗೆ ಇದೆ, ಬಿಸಿಲಿಗೆ ಮಾತ್ರ ಏಕಿಲ್ಲ?

ಎಷ್ಟು ಬೇಕಾಗುತ್ತದೆ ನೋಡಿ. 2,050 ಮೆಗಾವ್ಯಾಟಿನಿಂದ ವರ್ಷಕ್ಕೆ 359 ಕೋಟಿ ಯೂನಿಟ್. ಯೂನಿಟ್ಟಿಗೆ ಐದು ಪೈಸೆ ಎತ್ತಿಟ್ಟರೆ 18 ಕೋಟಿ ರೂಪಾಯಿ. ಐದು ಹಳ್ಳಿಗಳಲ್ಲಿ ಭೂಮಿಯಿಲ್ಲದ ಮತ್ತು ಕೋರಿನ ಕುಟುಂಬಗಳು ಮೂರು ಸಾವಿರ ಎಂದೇ ಲೆಕ್ಕ ಹಾಕಿ: ಮನೆಗೆ ವರ್ಷಕ್ಕೆ 60,000. ಎರಡು ಎಕರೆ ಲೀಸಿಗೆ ಕೊಟ್ಟವನಿಗೆ ಸಿಗುವುದಕ್ಕಿಂತ ಹೆಚ್ಚು. ಹೀಗಾಗಿ ಪೂರ್ತಿ ಐದು ಪೈಸೆಯೂ ಬೇಕಾಗದೆ ಇರಬಹುದು.

ಆದರೆ ಈಗ ಕೇಳಿದರೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಇದೇ ಇಡೀ ವಿಷಯದ ಗಂಟು. ವಿದ್ಯುತ್ ಖರೀದಿ ಒಪ್ಪಂದ 25 ವರ್ಷಕ್ಕೆ, ದರ ನಿಗದಿ. ಕಂಪನಿ ಹರಾಜಿನಲ್ಲಿ ಪೈಸೆ ಪೈಸೆ ಇಳಿಸಿ ಗೆದ್ದಿರುತ್ತದೆ, ಬ್ಯಾಂಕು ಅದೇ ದರ ನೋಡಿ ಸಾಲ ಕೊಟ್ಟಿರುತ್ತದೆ. ಆಮೇಲೆ ಬಂದ ಬೇಡಿಕೆಯನ್ನು ದರಕ್ಕೆ ಸೇರಿಸಲು ಕಂಪನಿಗೆ ದಾರಿಯಿಲ್ಲ. ಲಾಭದಿಂದ ಕೊಡು ಎಂದರೆ ಕೋರ್ಟಿಗೆ ಹೋಗುತ್ತದೆ. ಅದೇ ಐದು ಪೈಸೆಯನ್ನು ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದಿದ್ದರೆ ಬಿಡ್ ಹಾಕುವ ಎಲ್ಲರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಯಾರಿಗೂ ಪೈಪೋಟಿಯಲ್ಲಿ ನಷ್ಟವಿಲ್ಲ, ಹೊರೆ ನೂರಾರು ಕೋಟಿ ಯೂನಿಟ್ಟಿನ ಮೇಲೆ ಹಂಚಿಹೋಗುತ್ತದೆ. ಹರಾಜಿನ ಹಿಂದಿನ ದಿನ ಅಗ್ಗವಾಗಿದ್ದದ್ದು ಮರುದಿನ ಅಸಾಧ್ಯ. ಊರಿನವರು ಧರಣಿ ಕೂರುವುದು ಮಾತ್ರ ಸಾಮಾನ್ಯವಾಗಿ ಕಂಬ ನೆಟ್ಟ ಮೇಲೆ.

ನೀರಿನದೂ ಇದೇ ಕಥೆ. ದೂಳು ಕೂತರೆ ಉತ್ಪಾದನೆ ಬೀಳುತ್ತದೆ, ಫಲಕ ತೊಳೆಯಲೇಬೇಕು. 320 ವ್ಯಾಟಿನ ಫಲಕವೆಂದರೆ ಪಾರ್ಕಿನಲ್ಲಿ ಸುಮಾರು 64 ಲಕ್ಷ ಫಲಕಗಳು. ಫಲಕಕ್ಕೆ ಎರಡು ಲೀಟರ್, ತಿಂಗಳಿಗೆ ಎರಡು ಸಲ ಎಂದರೆ ವರ್ಷಕ್ಕೆ 30 ಕೋಟಿ ಲೀಟರ್ ದಾಟುತ್ತದೆ. ಜಲಜೀವನ್ ಮಿಷನ್ನಿನ ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ ಇದು ಹದಿನೈದು ಸಾವಿರ ಜನರ ವರ್ಷದ ನೀರು. ಪಾವಗಡದ ಕೊಳವೆಬಾವಿ ನೀರು ಗಡಸು, ಫ್ಲೋರೈಡ್ ಬೇರೆ. ಗಡಸು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿ, ತೊಳೆದ ಫಲವೇ ಹೋಗುತ್ತದೆ. ಅದಕ್ಕೆ ಆರ್‌ಒ ಹಾಕಿದರೆ ಎತ್ತಿದ ನೀರಿನಲ್ಲಿ ಒಂದು ಪಾಲು ಉಪ್ಪುನೀರಾಗಿ ಹೊರಬೀಳುತ್ತದೆ. ನೀರಿಲ್ಲದೆ ಕುಂಚದಿಂದ ಗುಡಿಸುವ ಯಂತ್ರಗಳು ಬಂದಿವೆ. ಆದರೆ ಸಾಲುಗಳು ನೇರವಾಗಿ, ಒಂದೇ ಎತ್ತರದಲ್ಲಿ ಇದ್ದರೆ ಮಾತ್ರ ಯಂತ್ರ ಸರಾಗವಾಗಿ ಓಡುತ್ತದೆ. ಆದ್ದರಿಂದ ಇದನ್ನೂ ವಿನ್ಯಾಸದ ಹೊತ್ತಿಗೇ ಹೇಳಬೇಕು. ತೊಳೆಯುವ ಹೆಂಗಸರ ದಿನಗೂಲಿಯೂ ಯಂತ್ರ ಬಂದರೆ ಹೋಗುತ್ತದೆ ಎನ್ನುವುದನ್ನು ಮುಚ್ಚಿಡಬಾರದು. ಪೈಸೆಯ ನಿಧಿ ಬೇಕಾಗುವುದು ಅದಕ್ಕೂ ಸೇರಿಯೇ.

ಕುರಿಯ ವಿಷಯ ಚಿಕ್ಕದು, ಪರಿಹಾರವೂ ಸುಲಭ. ಫಲಕದ ಕೆಳಗೆ ಹುಲ್ಲು ಬೆಳೆಯುತ್ತದೆ, ಅದನ್ನು ಕತ್ತರಿಸಲು ಕಂಪನಿ ದುಡ್ಡು ಕೊಡುತ್ತದೆ, ಬೇಲಿಯಾಚೆ ಮೇವಿಲ್ಲದ ಕುರಿಗಳು ನಿಂತಿರುತ್ತವೆ. ಆ ಕುರಿಗಳನ್ನು ಒಳಗೆ ಮೇಯಲು ಬಿಟ್ಟರಾಯಿತು. ಅದಕ್ಕೆ ಫಲಕದ ಕೆಳಅಂಚು ನೆಲದಿಂದ ಕುರಿಯ ಬೆನ್ನಿಗಿಂತ ಎತ್ತರದಲ್ಲಿರಬೇಕು, ತಂತಿಗಳನ್ನು ಕೊಳವೆಯೊಳಗೆ ಹಾಕಿ ಮೇಲಕ್ಕೆ ಕಟ್ಟಿರಬೇಕು. ಮೇಕೆ ಮಾತ್ರ ಬೇಡ. ಅದು ಫಲಕದ ಮೇಲೇ ಹತ್ತುತ್ತದೆ, ತಂತಿಯನ್ನೂ ಕಡಿಯುತ್ತದೆ.

ಇನ್ನು ಜಮೀನು ವಾಪಸಾಗುವ ದಿನ. ಪಾರ್ಕ್ ಮಾಡುವಾಗ ಬದು ಒಡೆದು ಸಮತಟ್ಟು ಮಾಡುತ್ತಾರೆ, ಹುಣಸೆ-ಬೇವು ಉರುಳುತ್ತವೆ, ಬಾಂದುಕಲ್ಲು ಎಲ್ಲೋ ಜಲ್ಲಿಯ ಕೆಳಗೆ ಹೋಗುತ್ತದೆ. 28 ವರ್ಷ ಕಳೆದು ಮೊಮ್ಮಗ ಬಂದು ನಿಂತರೆ ತನ್ನ ಎರಡು ಎಕರೆ ಎಲ್ಲಿ ಎಂದು ಹೇಳುವ ಗುರುತೇ ಅಲ್ಲಿರುವುದಿಲ್ಲ. ಆದ್ದರಿಂದ ಲೀಸಿಗೆ ಸಹಿ ಹಾಕುವ ಮೊದಲು ಗಡಿ ಗುರುತಿಸುವ ಹದ್ದುಬಸ್ತು ಸರ್ವೆ ಮಾಡಿಸಿ, ಪ್ರತಿ ಮೂಲೆಯ ಅಕ್ಷಾಂಶ-ರೇಖಾಂಶವನ್ನು ನಕ್ಷೆಯಲ್ಲಿ ಬರೆಸಿ, ಆ ನಕ್ಷೆ ಕರಾರಿಗೆ ಲಗತ್ತಾಗಬೇಕು. ಎರಡನೆಯದು, ಕಿತ್ತು ಹಾಕುವ ಖರ್ಚು. ಇಪ್ಪತ್ತೆರಡು ಕೆಜಿಯ ಲೆಕ್ಕದಲ್ಲಿ ಫಲಕಗಳೇ 1.4 ಲಕ್ಷ ಟನ್. ಗಾಜು, ಅಲ್ಯೂಮಿನಿಯಂ ಚೌಕಟ್ಟು, ಬೆಸುಗೆಯಲ್ಲಿ ಸೀಸ. 2022ರ ಇ-ತ್ಯಾಜ್ಯ ನಿಯಮಗಳು ಸೋಲಾರ್ ಫಲಕವನ್ನೂ ಒಳಗೆ ತಂದಿವೆ. ಆದರೆ ನೆಲದೊಳಗಿನ ಕಾಂಕ್ರೀಟ್, ಹೂತ ಕೇಬಲ್, ರಸ್ತೆಯ ಜಲ್ಲಿ ತೆಗೆಯುವುದು ಕರಾರಿನ ಕೆಲಸ. ಅವಧಿ ಮುಗಿಯುವ ಹೊತ್ತಿಗೆ ಆ ಪುಟ್ಟ ಕಂಪನಿಯ ಬಳಿ ಬೇರೆ ಆಸ್ತಿ ಇರುವುದಿಲ್ಲ, ನೋಟಿಸ್ ಕೊಟ್ಟರೂ ತೆಗೆದುಕೊಳ್ಳುವವರಿಲ್ಲ. ಯೂನಿಟ್ಟಿಗೆ ಒಂದು ಪೈಸೆಯಂತೆ ಮೊದಲ ದಿನದಿಂದ ಬೇರೆ ಖಾತೆಗೆ ಹಾಕಿಸಿದರೆ 25 ವರ್ಷಕ್ಕೆ ಬಡ್ಡಿ ಬಿಟ್ಟೇ 90 ಕೋಟಿ, ಎಕರೆಗೆ 69,000 ಆಗುತ್ತದೆ. ಮೂರನೆಯದು ಸಣ್ಣದಾಗಿ ಕಂಡರೂ ರೈತನಿಗೆ ದೊಡ್ಡದು: ಪಹಣಿಯ ಬೆಳೆ ಕಾಲಂ ಖಾಲಿಯಾದರೆ ಸೊಸೈಟಿಯ ಬೆಳೆ ಸಾಲಕ್ಕೆ ಆಧಾರವೇ ಹೋಗುತ್ತದೆ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾದಾಗ ಕೈ ಚಾಚುವುದು ಮತ್ತೆ ಬಡ್ಡಿ ಸಾಹುಕಾರನ ಮುಂದೆ. ಲೀಸ್ ಕರಾರಿನ ಮೇಲೆ ಸಾಲ ಕೊಡುವಂತೆ ಬ್ಯಾಂಕುಗಳನ್ನು ಒಪ್ಪಿಸುವುದೂ ಯೋಜನೆಯ ಭಾಗವಾಗಬೇಕು.

ಇಷ್ಟು ಹೊತ್ತು ಹೊಸದು ಬರುವ ಊರಿನ ಮಾತಾಯಿತು. ಹಳೆಯದು ಮುಚ್ಚುವ ಊರಿನ ಕಷ್ಟ ಇನ್ನೊಂದು ಬಗೆ. ದಕ್ಷಿಣ ಆಫ್ರಿಕಾದ ಕೊಮಾಟಿ ಕಲ್ಲಿದ್ದಲು ಸ್ಥಾವರದ ಕೊನೆಯ ಘಟಕವನ್ನು 2022ರ ಅಕ್ಟೋಬರ್ 31ರಂದು ನಿಲ್ಲಿಸಿದರು. ಅದೇ ಜಾಗದಲ್ಲಿ 150 ಮೆಗಾವ್ಯಾಟ್ ಸೋಲಾರ್, 70 ಮೆಗಾವ್ಯಾಟ್ ಗಾಳಿ, ಬ್ಯಾಟರಿ, ತರಬೇತಿ ಕೇಂದ್ರ ಎಂದು ವಿಶ್ವ ಬ್ಯಾಂಕಿನ ಸುಮಾರು 50 ಕೋಟಿ ಡಾಲರ್ ನೆರವಿನ ಯೋಜನೆ. ಕಾಯಂ ನೌಕರರನ್ನು ಆ ದೇಶದ ವಿದ್ಯುತ್ ಕಂಪನಿ ಎಸ್ಕಾಮ್ ಬೇರೆ ಸ್ಥಾವರಗಳಿಗೆ ಕಳಿಸಿತು. ಗುತ್ತಿಗೆ ಕಾರ್ಮಿಕರು, ಗೇಟಿನ ಎದುರು ಊಟ ಮಾರುತ್ತಿದ್ದವರು, ಬಾಡಿಗೆ ಮನೆಯ ಮಾಲೀಕರು ಅಲ್ಲೇ ಉಳಿದರು. ಸ್ಥಾವರ ಮೊದಲು ನಿಂತಿತು, ಬದಲಿ ಕೆಲಸ ನಿಧಾನಕ್ಕೆ ಬರತೊಡಗಿತು. ಅಲ್ಲೂ ಎಡವಿದ್ದು ಕ್ರಮದಲ್ಲೇ. ನಮ್ಮ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರದು. 1,720 ಮೆಗಾವ್ಯಾಟಿನ ಆ ಶಕ್ತಿನಗರದಲ್ಲಿ ಗುತ್ತಿಗೆಯವರ ಹೆಸರು, ವಯಸ್ಸು, ಕೆಲಸ, ಸೇರಿದ ವರ್ಷದ ಪಟ್ಟಿಯನ್ನು ಈಗಲೇ ಮಾಡಿಡದಿದ್ದರೆ, ಘಟಕ ಮುಚ್ಚುವ ದಿನ ಅವರ ಲೆಕ್ಕ ಏಜೆನ್ಸಿಯ ಹಾಜರಿ ಪುಸ್ತಕದೊಂದಿಗೆ ಮಾಯವಾಗುತ್ತದೆ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಶ್ರೀಮಂತ ದೇಶಗಳ ಉತ್ತರ 2021ರ ಗ್ಲಾಸ್ಗೋ ಸಮಾವೇಶದಲ್ಲಿ ಕಲ್ಲಿದ್ದಲು ಬಿಡುವ ಒಪ್ಪಂದವೊಂದರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಘೋಷಿಸಿದ 850 ಕೋಟಿ ಡಾಲರ್. ಅದರಲ್ಲಿ ಅನುದಾನ ಶೇ. 4ರಷ್ಟು, ಉಳಿದದ್ದು ಬಹುಪಾಲು ಸಾಲ ಮತ್ತು ಖಾತರಿ. 2025ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರನಡೆಯಿತು. ಇಂಡೊನೇಷ್ಯಾ, ವಿಯೆಟ್ನಾಂ, ಸೆನೆಗಲ್ ಕೂಡ ಇಂಥ ಒಪ್ಪಂದಗಳಿಗೆ ಸಹಿ ಹಾಕಿವೆ, ಭಾರತ ಹಾಕಿಲ್ಲ. ಹಾಕದ್ದರಿಂದ ದೊಡ್ಡ ನಷ್ಟವೇನೂ ಕಾಣುವುದಿಲ್ಲ. ನಮಗೆ ಅವರಿಂದ ನಿಜವಾಗಿ ಬೇಕಿರುವುದು ಅಗ್ಗದ ಬಡ್ಡಿ. ಸೋಲಾರ್‌ನಲ್ಲಿ ಇಂಧನಕ್ಕೆ ಖರ್ಚಿಲ್ಲ, ಖರ್ಚೆಲ್ಲ ಮೊದಲೇ. ಮೆಗಾವ್ಯಾಟಿಗೆ 4 ಕೋಟಿ, ಅದರಲ್ಲಿ ಶೇ. 70 ಸಾಲ ಎಂದರೆ 2.8 ಕೋಟಿ. ಬಡ್ಡಿ ಶೇ. 1 ಇಳಿದರೆ ಮೊದಲ ವರ್ಷ 2.8 ಲಕ್ಷ ಉಳಿತಾಯ, ಯೂನಿಟ್ಟಿಗೆ 16 ಪೈಸೆ. ನೆಲದ ಬಾಡಿಗೆ ಏಳೂವರೆ, ಭೂರಹಿತರಿಗೆ ಐದು, ಕಿತ್ತು ಹಾಕಲು ಒಂದು: ಮೂರೂ ಸೇರಿ ಹದಿಮೂರೂವರೆ. ಸಾಲ ತೀರುತ್ತಾ ಬಂದಂತೆ ಬಡ್ಡಿಯ ಉಳಿತಾಯ ಕಡಿಮೆಯಾಗುತ್ತದೆ, ನಿಜ. ಆದರೂ ಊರಿಗೆ ಐದು ಪೈಸೆ ಕೊಟ್ಟರೆ ಕರೆಂಟು ದುಬಾರಿಯಾಗುತ್ತದೆ ಎನ್ನುವವರು ಬಡ್ಡಿಯ ಕಡೆಯೂ ಅಷ್ಟೇ ಜೋರಾಗಿ ಮಾತಾಡಬೇಕು.

ಎಲ್ಲವನ್ನೂ ಪಾವಗಡದಷ್ಟು ದೊಡ್ಡದಾಗಿ ಕಟ್ಟಬೇಕೆಂದೂ ಇಲ್ಲ. ರೈತರಿಗಾಗಿ ಕೇಂದ್ರ ತಂದ ಸೋಲಾರ್ ಯೋಜನೆ ಕುಸುಮ್‌ನ ‘ಎ’ ಭಾಗ ಸಬ್‌ಸ್ಟೇಷನ್ ಹತ್ತಿರ ರೈತರ ನೆಲದಲ್ಲೇ ಅರ್ಧದಿಂದ ಎರಡು ಮೆಗಾವ್ಯಾಟಿನ ಘಟಕ ಹಾಕಲು ಅವಕಾಶ ಕೊಟ್ಟಿತು. ಎರಡು ಮೆಗಾವ್ಯಾಟಿಗೆ ಎಂಟು-ಹತ್ತು ಎಕರೆ ಸಾಕು, 11 ಕೆವಿ ಲೈನಿಗೇ ಸೇರಿಸಬಹುದು, ಪಂಪ್‌ಸೆಟ್ಟಿಗೆ ಹಗಲು ತ್ರೀಫೇಸ್ ಸಿಗುತ್ತದೆ. ರಾತ್ರಿ ಕರೆಂಟಿಗೆ ಕಾದು ಹಾವು-ಕರಡಿಯ ನಡುವೆ ನೀರು ಹಾಯಿಸಿದವರಿಗೆ ಅದರ ಬೆಲೆ ಗೊತ್ತು. ಅಪಾಯ ಅಂತರ್ಜಲಕ್ಕೆ. ಹಗಲೆಲ್ಲ ಉಚಿತ ಕರೆಂಟು ಎಂದರೆ ಮೋಟಾರು ನಿಲ್ಲುವುದಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ 2016ರಲ್ಲಿ ಆರು ರೈತರು ಸೋಲಾರ್ ಪಂಪಿನ ಸಹಕಾರ ಸಂಘ ಕಟ್ಟಿ, ಮಿಕ್ಕ ಕರೆಂಟನ್ನು ಗ್ರಿಡ್ಡಿಗೆ ಮಾರತೊಡಗಿದರು. ಮಾರಿದರೆ ದುಡ್ಡು ಬರುತ್ತದೆ ಎಂದಾಗ ಪಂಪ್ ನಿಲ್ಲಿಸಲು ಒಂದು ಕಾರಣವಾದರೂ ಸಿಗುತ್ತದೆ. ಆದರೆ ಕೊಳ್ಳುವ ದರ ತೀರಾ ಕಡಿಮೆಯಿದ್ದರೆ ನೀರು ಮಾರುವುದೇ ಲಾಭ.

ಪಾವಗಡದ ಪಾರ್ಕನ್ನು ವಿಸ್ತರಿಸುವ ಮಾತು ಸರ್ಕಾರದ ಮಟ್ಟದಲ್ಲಿ ಕೇಳಿಬರುತ್ತಲೇ ಇದೆ. ಅಂಥದ್ದು ನಿಮ್ಮ ಸೀಮೆಗೆ ಬಂದರೆ ಮೊದಲ ಕೆಲಸ ಮನೆ ಮನೆಯ ಪಟ್ಟಿ. ಜಮೀನಿಲ್ಲದವರು, ಕೋರಿನವರು, ಕುರಿ ಇರುವವರು, ಬಗರ್‌ಹುಕುಂ ಅರ್ಜಿ ಬಾಕಿ ಇರುವವರು, ಗಂಡಸಿಲ್ಲದೆ ಸಂಸಾರ ತೂಗಿಸುವ ಹೆಂಗಸರು, ಎಲ್ಲರ ಹೆಸರೂ ಇರಬೇಕು. ಅಧಿಸೂಚನೆ ಹೊರಬಿದ್ದ ಮೇಲೆ ಮಾಡಿದ ಪಟ್ಟಿಗೆ ಹೊರಗಿನ ಹೆಸರುಗಳು ತುಂಬಿಕೊಳ್ಳುತ್ತವೆ, ಗುಳೆ ಹೋದವರ ಹೆಸರು ಬಿಟ್ಟುಹೋಗುತ್ತದೆ. ಹಾಗಾಗಿ ಸುದ್ದಿ ಬಂದ ಕೂಡಲೇ, ಗುಳೆ ಹೋದವರು ಊರಿಗೆ ಬರುವ ಯುಗಾದಿಯ ಆಸುಪಾಸಿನಲ್ಲಿ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿ, ತಾರೀಖು ಹಾಕಿ ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ಪ್ರತಿಯೊಂದನ್ನು ಊರಿನವರು ಇಟ್ಟುಕೊಳ್ಳಬೇಕು. ಟೆಂಡರ್ ದಾಖಲೆಗೆ ಅಂಟಿಸಲು ಬೇಕಾಗುವುದು ಆ ಪ್ರತಿಯೇ.